ಹಳೆಯ ಕ್ರೂಸರ್ ಬೈಕಿನ ಸೆಲ್ಫ್ ಕೈಕೊಟ್ಟಾಗ: ಬ್ಯಾಟರಿ ಬದಲಿಸುವ ಮುನ್ನ ಅಳೆಯಬೇಕಾದದ್ದು

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹಗಲಿನಲ್ಲಿ ಯಾವ ತಕರಾರೂ ಇಲ್ಲದೆ ಹೋದ ಬೈಕಿನ ಹೆಡ್‌ಲೈಟ್, ಸಂಜೆ ಹಿಂದಿರುಗುವಾಗ ಭರಮಸಾಗರ ದಾಟುವಷ್ಟರಲ್ಲಿ ಮಂಕಾಗುತ್ತದೆ. ಮರುದಿನ ಬೆಳಿಗ್ಗೆ ಸೆಲ್ಫ್ ಬಟನ್ ಒತ್ತಿದರೆ ಎಂಜಿನ್ ತಿರುಗುವುದಿಲ್ಲ, ಸೀಟಿನ ಕೆಳಗಿನಿಂದ ‘ಟಕ ಟಕ ಟಕ’ ಎಂಬ ಸದ್ದು ಮಾತ್ರ ಬರುತ್ತದೆ. ಹತ್ತು ಹದಿನೈದು ವರ್ಷ ಹಳೆಯದಾದ, ನಡುವೆ ಒಮ್ಮೆ ಮಾಡಿಫೈ ಮಾಡಿಸಿಕೊಂಡ ಕ್ರೂಸರ್‌ಗಳಲ್ಲಿ ಈ ದೋಷ ಎಷ್ಟು ಸಾಮಾನ್ಯವೋ, ಅದಕ್ಕೆ ಸಿಗುವ ಚಿಕಿತ್ಸೆಯೂ ಅಷ್ಟೇ ಸಾಮಾನ್ಯ: ಬ್ಯಾಟರಿ ಹೋಗಿದೆ ಎಂದು ತೀರ್ಮಾನಿಸಿ ಹೊಸದನ್ನು ಕೂರಿಸಲಾಗುತ್ತದೆ. ಹೊಸ ಬ್ಯಾಟರಿ ಅಂಗಡಿಯಿಂದ ತುಂಬಿಕೊಂಡೇ ಬರುವುದರಿಂದ ಕೆಲವು ವಾರ ಎಲ್ಲವೂ ಸರಿಯಾದಂತೆ ಕಾಣುತ್ತದೆ. ಆಮೇಲೆ ಮತ್ತೆ ಅದೇ ಟಕ ಟಕ.

ಇಂಥ ಬೈಕುಗಳಲ್ಲಿ ಬ್ಯಾಟರಿ ಬಹಳ ಸಲ ದೋಷದ ಮೂಲವಲ್ಲ, ದೋಷಕ್ಕೆ ಬಲಿಯಾದ ಭಾಗ ಎಂಬುದು ನನ್ನ ಖಚಿತ ಅಭಿಪ್ರಾಯ. ವೋಲ್ಟೇಜ್ ದಾರಿಯಲ್ಲಿ ಎಲ್ಲಿ ಸೋರಿಹೋಗುತ್ತಿದೆ ಎಂಬುದನ್ನು ಅಳೆದು ಪತ್ತೆಹಚ್ಚಬೇಕು. ಹುಡುಕಾಟವನ್ನು ಕಂಪನಿಯ ಮೂಲ ಭಾಗಗಳಿಂದಲ್ಲ, ಅಂದಕ್ಕಾಗಿ ಅಥವಾ ಅನುಕೂಲಕ್ಕಾಗಿ ನಾವೇ ಕೈ ಹಾಕಿದ ಜಾಗಗಳಿಂದ ಆರಂಭಿಸಬೇಕು. ಇದಕ್ಕೆ ಬೇಕಾಗುವುದು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಹತ್ತು ಮತ್ತು ಹನ್ನೆರಡರ ಸ್ಪ್ಯಾನರ್, ಎಮರಿ ಪೇಪರ್ ಮತ್ತು ಒಂದು ಬಿಡುವಿನ ಬೆಳಗು.

ಕ್ರೂಸರ್‌ಗಳಿಗೆ ಈ ಮಾತು ಹೆಚ್ಚು ಅನ್ವಯಿಸಲು ಕಾರಣವಿದೆ. 2001ರಲ್ಲಿ ಬಂದ ಕವಾಸಾಕಿ ಬಜಾಜ್ ಎಲಿಮಿನೇಟರ್, 2005ರಿಂದ ಬಂದ ಅವೆಂಜರ್, ರಾಯಲ್ ಎನ್‌ಫೀಲ್ಡ್‌ನ ಥಂಡರ್‌ಬರ್ಡ್, ಯಮಾಹಾದ ಎಂಟೈಸರ್ ಇವೆಲ್ಲ ಉದ್ದ ಹ್ಯಾಂಡಲ್, ತಗ್ಗಿದ ಸೀಟು, ಮುಂದಕ್ಕೆ ಚಾಚಿದ ಕಾಲು ಎಂಬ ಒಂದೇ ಆಸೆಯನ್ನು ಪೂರೈಸಲು ಬಂದ ಬೈಕುಗಳು. ಆ ಆಸೆ ಇನ್ನಷ್ಟು ಬೆಳೆದಾಗ ಹ್ಯಾಂಡಲ್ ಇನ್ನೂ ಎತ್ತರವಾಗುತ್ತದೆ, ಫಾಗ್ ಲ್ಯಾಂಪ್ ಬರುತ್ತದೆ, ಮೊಬೈಲ್ ಚಾರ್ಜರ್ ಬರುತ್ತದೆ, ಫ್ರೇಮಿಗೆ ಮ್ಯಾಟ್ ಕಪ್ಪು ಪೌಡರ್ ಕೋಟಿಂಗ್ ಆಗುತ್ತದೆ. ಇವುಗಳಲ್ಲಿ ಒಂದೊಂದೂ ವೈರಿಂಗ್ ಕಿಟ್ಟನ್ನು (ಬೈಕಿನ ವೈರುಗಳ ಕಟ್ಟನ್ನು) ಎಲ್ಲೋ ಒಂದು ಕಡೆ ಮುಟ್ಟಿಯೇ ಮುಗಿಯುವ ಕೆಲಸ. 2010ರಲ್ಲಿ ಬಂದ ಅವೆಂಜರ್ 220ರಂಥ ಬೈಕಿಗೆ ಕಿಕ್ ಕೂಡ ಇಲ್ಲದಿರುವುದರಿಂದ, ಸೆಲ್ಫ್ ಕೈಕೊಟ್ಟರೆ ತಳ್ಳುವುದೊಂದೇ ದಾರಿ. ಬ್ಯಾಟರಿಯಿಂದಲೇ ಇಗ್ನಿಷನ್ ನಡೆಯುವ ಬೈಕುಗಳಲ್ಲಿ ಬ್ಯಾಟರಿ ಪೂರ್ತಿ ಬರಿದಾಗಿದ್ದರೆ ತಳ್ಳಿದರೂ ಕಿಡಿ ಬರುವುದು ಕಷ್ಟ.

ಮೊದಲು ಸದ್ದನ್ನು ಕೇಳಿ

ಕೀ ತಿರುಗಿಸಿದಾಗ ಮೀಟರಿನಲ್ಲಿ ಒಂದು ದೀಪವೂ ಹತ್ತದಿದ್ದರೆ ಮೇನ್ ಫ್ಯೂಸ್, ಬ್ಯಾಟರಿ ಟರ್ಮಿನಲ್‌ನ ಬೋಲ್ಟು, ಇಗ್ನಿಷನ್ ಲಾಕಿನ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಈ ಮೂರನ್ನು ಬಿಟ್ಟು ಮುಂದೆ ಹೋಗುವ ಅಗತ್ಯವಿಲ್ಲ. ದೀಪ, ಹಾರ್ನ್ ಎಲ್ಲ ಗಟ್ಟಿಯಾಗಿದ್ದು ಸೆಲ್ಫ್ ಬಟನ್‌ಗೆ ಮಾತ್ರ ಯಾವ ಸದ್ದೂ ಬಾರದಿದ್ದರೆ ಕಿಲ್ ಸ್ವಿಚ್, ಕ್ಲಚ್ ಲಿವರ್ ಬುಡದ ಸ್ವಿಚ್, ನ್ಯೂಟ್ರಲ್ ಸ್ವಿಚ್ ಇವುಗಳ ಕಡೆ ನೋಡಬೇಕು. ಹ್ಯಾಂಡಲ್ ಬದಲಿಸಿದ ಬೈಕಿನಲ್ಲಿ ಕ್ಲಚ್ ಸ್ವಿಚ್ಚಿನ ಸಣ್ಣ ವೈರುಗಳು ಎಳೆದು ಕಿತ್ತಿರುವ ಸಾಧ್ಯತೆ ಹೆಚ್ಚು. ಒಂದೇ ಒಂದು ಗಟ್ಟಿ ‘ಟಕ್’ ಬಂದು, ದೀಪವೂ ಮಂಕಾಗದೆ, ಎಲ್ಲ ಸುಮ್ಮನಾದರೆ ಸೆಲ್ಫ್ ರಿಲೇಯ (ಬಟನ್ ಒತ್ತಿದಾಗ ಮೋಟರಿಗೆ ಕರೆಂಟ್ ಬಿಡುವ ವಿದ್ಯುತ್ ಸ್ವಿಚ್ಚಿನ) ಒಳಗಿನ ಕಾಂಟ್ಯಾಕ್ಟ್ ಸುಟ್ಟಿರಬಹುದು ಅಥವಾ ಸೆಲ್ಫ್ ಮೋಟರಿನ ಕಾರ್ಬನ್ ಬ್ರಶ್ ಸವೆದಿರಬಹುದು. ಮೋಟರ್ ಗಿರ್ ಎಂದು ತಿರುಗಿ ಎಂಜಿನ್ ಮಾತ್ರ ತಿರುಗದಿದ್ದರೆ ಅದು ವಿದ್ಯುತ್ ದೋಷವೇ ಅಲ್ಲ, ಮೋಟರಿನ ತಿರುಗುವಿಕೆಯನ್ನು ಎಂಜಿನ್‌ಗೆ ದಾಟಿಸುವ ಒಳಗಿನ ವನ್‌ವೇ ಕ್ಲಚ್‌ನ ಸಮಸ್ಯೆ.

ಈ ಬರಹದ ವಿಷಯ ಇವಾವುವೂ ಅಲ್ಲದ, ವೇಗವಾಗಿ ಬಡಿದುಕೊಳ್ಳುವ ಟಕ ಟಕ ಸದ್ದು. ರಿಲೇಯನ್ನು ಎಳೆಯುವಷ್ಟು ವೋಲ್ಟೇಜ್ ಇದೆ, ಮೋಟರ್ ಕರೆಂಟ್ ಎಳೆದ ಕೂಡಲೇ ಅದು ಕುಸಿದು ರಿಲೇ ಬಿಟ್ಟುಹೋಗುತ್ತದೆ, ಬಿಟ್ಟ ಕೂಡಲೇ ವೋಲ್ಟೇಜ್ ಏರಿ ಮತ್ತೆ ಎಳೆಯುತ್ತದೆ. ಆ ಬಡಿತ ಹುಟ್ಟುವುದು ಹೀಗೆ. ಕುಸಿತಕ್ಕೆ ಬ್ಯಾಟರಿಯೇ ಕಾರಣವಿರಬಹುದು, ಬ್ಯಾಟರಿಯಿಂದ ಮೋಟರಿನವರೆಗಿನ ದಾರಿಯೂ ಕಾರಣವಿರಬಹುದು, ಅಥವಾ ಬ್ಯಾಟರಿಗೆ ಹಿಂದಿನ ದಿನ ಚಾರ್ಜ್ ಸಿಕ್ಕದೇ ಇದ್ದಿರಬಹುದು. ಕಿವಿಗೆ ಮೂರೂ ಒಂದೇ ರೀತಿ ಕೇಳುತ್ತವೆ, ಮೀಟರಿಗೆ ಮಾತ್ರ ಬೇರೆ ಬೇರೆಯಾಗಿ ಕಾಣುತ್ತವೆ.

ಬ್ಯಾಟರಿಯ ನಿಜವಾದ ಸ್ಥಿತಿ

ಬೈಕು ಓಡಿಸಿ ನಿಲ್ಲಿಸಿದ ತಕ್ಷಣ ಬ್ಯಾಟರಿ ಅಳೆದರೆ ಸಿಗುವ ಅಂಕಿ ನಂಬಲು ಅರ್ಹವಲ್ಲ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ, ಕೀ ಹಾಕುವ ಮೊದಲು, ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು ಅಳೆಯಬೇಕು. 12.6ರಿಂದ 12.8 ವೋಲ್ಟ್ ಇದ್ದರೆ ತುಂಬಿದೆ, 12.4 ಇದ್ದರೆ ಸುಮಾರು ಮುಕ್ಕಾಲು, 12.0ಕ್ಕೆ ಇಳಿದಿದ್ದರೆ ಕಾಲು ಭಾಗದ ಆಸುಪಾಸು ಎಂದು ತಿಳಿಯಬಹುದು. ಆಮೇಲೆ ಮೀಟರಿನ ಕಡ್ಡಿಗಳನ್ನು ಹಿಡಿದೇ ಸೆಲ್ಫ್ ಒತ್ತಬೇಕು. ತುಂಬಿದ, ಆರೋಗ್ಯವಾದ ಬ್ಯಾಟರಿ ಆ ಹೊರೆಯಲ್ಲೂ 9.6 ವೋಲ್ಟ್‌ಗಿಂತ ಕೆಳಗೆ ಹೋಗಬಾರದು. ಕಡ್ಡಿಯನ್ನು ಬೋಲ್ಟಿನ ತಲೆಯ ಮೇಲಲ್ಲ, ಬ್ಯಾಟರಿಯ ಸ್ವಂತ ಸೀಸದ ಕಂಬದ ಮೇಲೆಯೇ ಇಡಬೇಕೆಂಬುದನ್ನು ಮರೆಯಬಾರದು. ಬೋಲ್ಟಿಗೂ ಕಂಬಕ್ಕೂ ನಡುವೆಯೇ ದೋಷವಿದ್ದರೆ ಅದನ್ನೂ ಬ್ಯಾಟರಿಯ ತಲೆಗೆ ಕಟ್ಟಿದಂತಾಗುತ್ತದೆ.

ಬೆಳಗಿನ ಅಂಕಿ 12.2ಕ್ಕಿಂತ ಕಡಿಮೆ ಇದ್ದರೆ ಯಾವ ತೀರ್ಪನ್ನೂ ಕೊಡದೆ, ಬ್ಯಾಟರಿಯನ್ನು ಬಿಚ್ಚಿ ಚಾರ್ಜರ್‌ನಲ್ಲಿ ನಿಧಾನವಾಗಿ ತುಂಬಿಸಬೇಕು. 9 ಆಂಪಿಯರ್ ಅವರ್ (ಸಾಮರ್ಥ್ಯದ ಅಳತೆ) ಬ್ಯಾಟರಿಗೆ ಒಂದು ಆಂಪಿಯರಿಗಿಂತ ಹೆಚ್ಚು ಕೊಡುವುದು ಬೇಡ. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್; ಹಾಗೆ ಮಾಡದಿದ್ದರೆ ಸ್ಪ್ಯಾನರ್ ಫ್ರೇಮಿಗೆ ತಾಗಿ ಶಾರ್ಟ್ ಆಗುವ ಅಪಾಯವಿದೆ. ತುಂಬಿಸಿ, ಅರ್ಧ ದಿನ ಬಿಟ್ಟು ಅಳೆದಾಗಲೂ 12.4 ದಾಟದಿದ್ದರೆ, ಅಥವಾ 12.7 ತೋರಿಸಿ ಸೆಲ್ಫ್ ಒತ್ತಿದಾಗ 8ಕ್ಕೆ ಕುಸಿದರೆ, ಆಗ ಮಾತ್ರ ಬ್ಯಾಟರಿಯನ್ನು ದೂರಬಹುದು. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಇಂಥ ಬ್ಯಾಟರಿಗಳ ಆಯುಷ್ಯ ನಿಜಕ್ಕೂ ಕಡಿಮೆಯಾಗುತ್ತದೆ. ನೀರು ಹಾಕುವ ಮಾದರಿಯಾದರೆ ಆ ಎರಡು ತಿಂಗಳು ಡಿಸ್ಟಿಲ್ಡ್ ವಾಟರ್ ಮಟ್ಟವನ್ನು ಎಂದಿಗಿಂತ ಹೆಚ್ಚು ಗಮನಿಸಬೇಕು.

ಬ್ಯಾಟರಿ ಚೆನ್ನಾಗಿದ್ದೂ ಬೆಳಿಗ್ಗೆ ಬರಿದಾಗಿರುತ್ತದೆ ಎಂದಾದರೆ ಪ್ರಶ್ನೆ ಎರಡೇ: ಅದಕ್ಕೆ ತುಂಬುತ್ತಿಲ್ಲವೇ, ಅಥವಾ ತುಂಬಿದ್ದು ನಿಂತಲ್ಲೇ ಸೋರುತ್ತಿದೆಯೇ?

ಚಾರ್ಜಿಂಗ್ ಮತ್ತು ಅರ್ಥ್: ಒಂದು ಬೈಕಿನ ಉದಾಹರಣೆ

ಎಂಜಿನ್ ಬಿಸಿಯಾದ ಮೇಲೆ ಬ್ಯಾಟರಿಯ ಕಂಬಗಳ ಮೇಲೆ ಮೀಟರ್ ಹಿಡಿದು ಆಕ್ಸಿಲರೇಟರ್ ಕೊಡಬೇಕು. ಆರ್‌ಪಿಎಂ ಮೀಟರ್ ಇಲ್ಲದ ಕ್ರೂಸರ್‌ಗಳಲ್ಲಿ, ನಾಲ್ಕನೇ ಗೇರಿನಲ್ಲಿ ಐವತ್ತರ ವೇಗದಲ್ಲಿ ಹೋಗುವಾಗ ಕೇಳುವ ಸದ್ದಿನ ಮಟ್ಟಕ್ಕೆ ಎಂಜಿನ್ ತಂದರೆ ಸಾಕು. ಆಗ 13.8ರಿಂದ 14.5 ವೋಲ್ಟ್ ಬರಬೇಕು. 15 ದಾಟಿದರೆ ಆರ್‌ಆರ್ ಯೂನಿಟ್ (ಎಸಿಯನ್ನು ಡಿಸಿ ಮಾಡಿ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ರೆಕ್ಟಿಫೈಯರ್) ಕೆಟ್ಟು ಮಿತಿಮೀರಿ ಚಾರ್ಜ್ ಆಗುತ್ತಿದೆ. ಬಲ್ಬುಗಳು ಪದೇ ಪದೇ ಸುಡುವುದು, ಬ್ಯಾಟರಿಯ ಸುತ್ತ ಆಸಿಡ್ ವಾಸನೆ ಬರುವುದು ಇದರ ಜೊತೆಗಿನ ಲಕ್ಷಣಗಳು. 13ರ ಸುತ್ತಲೇ ನಿಂತುಬಿಟ್ಟರೆ ಚಾರ್ಜ್ ಸಾಲದು ಎಂದರ್ಥ, ಮತ್ತು ಬಹಳ ಕಡೆ ಕಾಯಿಲ್ (ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಸುರುಳಿ) ಅಥವಾ ಆರ್‌ಆರ್ ಯೂನಿಟ್ಟನ್ನು ಕಣ್ಣು ಮುಚ್ಚಿ ಬದಲಿಸುವುದು ಇದೇ ಹಂತದಲ್ಲಿ. ಅದಕ್ಕೆ ಮುನ್ನ ಮಾಡಬೇಕಾದ ಒಂದು ಪರೀಕ್ಷೆ ಇದೆ. ಮಾಡಿಫೈ ಆದ ಬೈಕುಗಳಲ್ಲಿ ಇದಕ್ಕಿಂತ ಬೆಲೆಬಾಳುವ ಪರೀಕ್ಷೆ ಬೇರೊಂದಿಲ್ಲ.

ವಿದ್ಯಾನಗರದ ಯುವಕನೊಬ್ಬನ 220 ಸಿಸಿ ಕ್ರೂಸರ್‌ನಲ್ಲಿ ಇದು ಸ್ಪಷ್ಟವಾಗಿ ಕಂಡಿತು. ‘ಅಣ್ಣಾ, ಬ್ಯಾಟರಿ ಹೊಸದು, ಕಾಯಿಲೂ ಹೊಸದು, ಆದ್ರೂ ರಾತ್ರಿ ಲೈಟ್ ನಿಲ್ಲಂಗಿಲ್ಲ’ ಎಂಬುದು ಅವನ ದೂರು. ಬೈಕಿನ ಫ್ರೇಮಿಗೆ ಪೌಡರ್ ಕೋಟಿಂಗ್ ಆಗಿತ್ತು, ಎತ್ತರದ ಹ್ಯಾಂಡಲ್ ಇತ್ತು, ಎರಡು ಫಾಗ್ ಲ್ಯಾಂಪ್ ಇದ್ದವು, ಆರ್‌ಆರ್ ಯೂನಿಟ್ಟನ್ನು ಅದರ ಮೂಲ ಜಾಗದಿಂದ ಸೀಟಿನ ಕೆಳಗಿನ ಒಂದು ಪಟ್ಟಿಗೆ ಸರಿಸಲಾಗಿತ್ತು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.0 ವೋಲ್ಟ್, ಫಾಗ್ ಲ್ಯಾಂಪ್ ಹಾಕಿದರೆ 12.5. ಈಗ ಮೀಟರನ್ನು ಬ್ಯಾಟರಿಯಿಂದ ತೆಗೆದು ಆರ್‌ಆರ್ ಯೂನಿಟ್ಟಿನ ಸ್ವಂತ ಔಟ್‌ಪುಟ್ ವೈರುಗಳ ನಡುವೆ, ಕಪ್ಲರ್ ಬಿಚ್ಚದೆ, ಹಿಂಬದಿಯಿಂದ ಸೂಜಿ ತೂರಿಸಿ ಅಳೆದಾಗ 14.4 ವೋಲ್ಟ್ ಸಿಕ್ಕಿತು. ಅಂದರೆ ಕಾಯಿಲ್ ಕೂಡ, ಯೂನಿಟ್ ಕೂಡ ತಮ್ಮ ಕೆಲಸ ಸರಿಯಾಗಿ ಮಾಡುತ್ತಿವೆ. ಅಲ್ಲಿಂದ ಬ್ಯಾಟರಿ ತಲುಪುವ ಮೊಳದುದ್ದದ ದಾರಿಯಲ್ಲಿ 1.4 ವೋಲ್ಟ್ ಕಾಣೆಯಾಗುತ್ತಿದೆ.

ಕಾಣೆಯಾದದ್ದು ಯಾವ ಬದಿಯಲ್ಲಿ ಎಂದು ತಿಳಿಯುವುದು ಸುಲಭ. ಎಂಜಿನ್ ಓಡುತ್ತಿರುವಂತೆಯೇ ಮೀಟರಿನ ಒಂದು ಕಡ್ಡಿಯನ್ನು ಯೂನಿಟ್ಟಿನ ಪಾಸಿಟಿವ್ ವೈರಿಗೂ ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ ಇಟ್ಟರೆ, ಆ ಬದಿಯಲ್ಲಿ ನಷ್ಟವಾದ ವೋಲ್ಟೇಜ್ ನೇರವಾಗಿ ಕಾಣುತ್ತದೆ. ಇಲ್ಲಿ 0.2 ಬಂತು, ಹಳೆಯ ವೈರಿಂಗ್‌ಗೆ ಅದನ್ನು ಒಪ್ಪಬಹುದು. ನೆಗೆಟಿವ್ ಬದಿಯಲ್ಲಿ ಅದೇ ರೀತಿ ಅಳೆದಾಗ 1.2 ವೋಲ್ಟ್. ಯೂನಿಟ್ಟಿನ ನೆಗೆಟಿವ್ ವೈರನ್ನು ಬೆರಳಿನಿಂದ ಹಿಡಿದು ಹೋದಾಗ ಅದು ಸೈಡ್ ಪ್ಯಾನೆಲ್ ಹಿಂದೆ ಫ್ರೇಮಿಗೆ ಬಿಗಿದ ಅರ್ಥ್ ಬೋಲ್ಟಿನಲ್ಲಿ (ಫ್ರೇಮಿನ ಮೂಲಕ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ಜಾಗ) ಕೊನೆಗೊಳ್ಳುತ್ತಿತ್ತು, ಮತ್ತು ಆ ಬೋಲ್ಟು ಸುತ್ತಲಿನ ಕಬ್ಬಿಣಕ್ಕಿಂತ ಸ್ಪಷ್ಟವಾಗಿ ಬೆಚ್ಚಗಿತ್ತು. ಬಿಚ್ಚಿ ನೋಡಿದರೆ ವೈರಿನ ಲಗ್ (ತುದಿಯ ಲೋಹದ ಬಳೆ) ಕುಳಿತಿದ್ದದ್ದು ಕಬ್ಬಿಣದ ಮೇಲಲ್ಲ, ನಯವಾದ, ಒಂದು ಗೀರೂ ಇಲ್ಲದ ಪೌಡರ್ ಕೋಟಿಂಗ್ ಮೇಲೆ. ಬೋಲ್ಟಿನ ಎರಡು ಮೂರು ಸುತ್ತು ಥ್ರೆಡ್ ಕೋಟಿಂಗ್ ಕೆರೆದುಕೊಂಡು ಒಳಗೆ ಹೋದ ಜಾಗದಲ್ಲಿ ಮಾತ್ರ ಅಷ್ಟಿಷ್ಟು ಸಂಪರ್ಕವಿತ್ತು. ಲಗ್‌ನ ಕೆಳಮುಖ ಕಂದು ಬಣ್ಣಕ್ಕೆ ತಿರುಗಿತ್ತು.

ಪೌಡರ್ ಕೋಟಿಂಗ್ ವಿದ್ಯುತ್ ಹರಿಯಲು ಬಿಡದ ಪದರ. ಬಣ್ಣಕ್ಕಿಂತ ದಪ್ಪವಾಗಿ, ಒಲೆಯಲ್ಲಿ ಬೆಂದು ಗಟ್ಟಿಯಾಗಿ ಕೂರುವುದರಿಂದ ಸಾಮಾನ್ಯ ಬಿಗಿತಕ್ಕೆ ಒಡೆಯುವುದಿಲ್ಲ. ಫ್ರೇಮನ್ನು ಕೋಟಿಂಗ್‌ಗೆ ಕಳಿಸುವಾಗ ಅರ್ಥ್ ಬಿಂದುಗಳಿಗೆ, ಎಂಜಿನ್ ಮೌಂಟಿಂಗ್ ಮುಖಗಳಿಗೆ ಶಾಖ ತಡೆಯುವ ಟೇಪ್ ಹಚ್ಚಿಸಬೇಕು. ಮರೆತಿದ್ದರೆ ಜೋಡಿಸುವಾಗ ನಾಣ್ಯದಗಲ ಜಾಗವನ್ನು ಎಮರಿ ಪೇಪರಿನಿಂದ ಹೊಳೆಯುವ ಕಬ್ಬಿಣ ಕಾಣುವವರೆಗೆ ಉಜ್ಜಬೇಕು. ಈ ಬೈಕಿನಲ್ಲಿ ಮಾಡಿದ್ದೂ ಅಷ್ಟೇ: ಉಜ್ಜಿ, ಹೊಸ ಲಗ್ ಕ್ರಿಂಪ್ ಮಾಡಿ, ಹಲ್ಲಿರುವ ಸ್ಟಾರ್ ವಾಷರ್ ಹಾಕಿ ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ವ್ಯಾಸಲೀನ್ ಹಚ್ಚಿ, ಜೊತೆಗೆ ಬ್ಯಾಟರಿಯ ನೆಗೆಟಿವ್‌ನಿಂದ ಆ ಬೋಲ್ಟಿಗೆ ಒಂದು ದಪ್ಪ ವೈರನ್ನು ಪ್ರತ್ಯೇಕವಾಗಿ ಎಳೆಯಲಾಯಿತು. ಬ್ಯಾಟರಿಯಲ್ಲಿ ವೋಲ್ಟೇಜ್ 14.2ಕ್ಕೆ ಬಂತು, ಫಾಗ್ ಲ್ಯಾಂಪ್ ಹಾಕಿದಾಗಲೂ 13.6 ನಿಂತಿತು. ಅವನು ಬದಲಿಸಿದ್ದ ಹಳೆಯ ಕಾಯಿಲ್ ಚೆನ್ನಾಗಿಯೇ ಇತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇದೇ ಪರೀಕ್ಷೆಯನ್ನು ಸೆಲ್ಫ್‌ನ ದಪ್ಪ ಕೇಬಲ್‌ಗಳ ಮೇಲೂ ಮಾಡಬೇಕು. ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಎಂಜಿನ್ ಕೇಸಿನ ಬರಿಯ ಲೋಹಕ್ಕೂ ಕಡ್ಡಿ ಇಟ್ಟು ಸೆಲ್ಫ್ ಒತ್ತಿದರೆ 0.2 ವೋಲ್ಟ್‌ಗಿಂತ ಹೆಚ್ಚು ಬರಬಾರದು. ಪಾಸಿಟಿವ್ ಕಂಬದಿಂದ ಮೋಟರಿನ ಟರ್ಮಿನಲ್‌ವರೆಗೆ, ರಿಲೇ ಸೇರಿ, ಅರ್ಧ ವೋಲ್ಟ್ ಮೀರಬಾರದು. ಮೀರಿದರೆ ರಿಲೇಯ ಎರಡು ದಪ್ಪ ಬೋಲ್ಟುಗಳ ನಡುವೆ ಅಳೆದು ತಪ್ಪು ರಿಲೇಯದೋ ಕೇಬಲ್ಲಿನದೋ ಎಂದು ಬೇರ್ಪಡಿಸಬಹುದು.

ಆರ್‌ಆರ್ ಯೂನಿಟ್ಟಿನಲ್ಲೇ 14 ಬರದಿದ್ದರೆ ಆಗ ಕಾಯಿಲ್ ಕಡೆ ಹೋಗಬೇಕು. ಕಪ್ಲರನ್ನು ಬಿಚ್ಚಿದ ಕೂಡಲೇ ಅದರ ಪಿನ್ನುಗಳನ್ನು ನೋಡಿ. ಬಿಳಿ ಪ್ಲಾಸ್ಟಿಕ್ ಕಂದಾಗಿ ಕರಗಿದ್ದರೆ ದೋಷ ಅರ್ಧ ಸಿಕ್ಕಂತೆಯೇ. ಎರೆಮಣ್ಣಿನ ಕೆಸರು ಹತ್ತಿದ ಬೈಕನ್ನು ವಾಟರ್ ಸರ್ವೀಸ್‌ಗೆ ಬಿಟ್ಟಾಗ ಒತ್ತಡದ ನೀರು ನುಗ್ಗುವುದು ಇಂಥ ಕಪ್ಲರ್‌ಗಳಿಗೇ. ಮೂರು ಒಂದೇ ಬಣ್ಣದ ವೈರು ಬರುವ ಬೈಕಾದರೆ, ಎರಡೆರಡರ ನಡುವೆ ಎಸಿ ವೋಲ್ಟೇಜ್ ಅಳೆದಾಗ ಮೂರೂ ಸಮನಾಗಿ, ಆಕ್ಸಿಲರೇಟರ್ ಜೊತೆ ಏರಬೇಕು. ಎಂಜಿನ್ ನಿಲ್ಲಿಸಿ, ಪ್ರತಿ ವೈರಿಗೂ ಎಂಜಿನ್ ಬಾಡಿಗೂ ನಡುವೆ ಓಮ್ ಅಳೆದಾಗ ಯಾವ ಸಂಪರ್ಕವೂ ಇರಬಾರದು. ಇದ್ದರೆ ಕಾಯಿಲ್‌ನ ಲೇಪ ಸುಟ್ಟು ಬಾಡಿಗೆ ತಾಗಿದೆ. ಕಾಯಿಲ್ ಸರಿಯಿದ್ದು ಯೂನಿಟ್ ಮಾತ್ರ ಕೊಡದಿದ್ದರೆ ಯೂನಿಟ್ ಬದಲಿಸಬೇಕು. ಹೊಸದನ್ನು ಮಾತ್ರ ಗಾಳಿ ತಾಗುವ ಮೂಲ ಜಾಗದಲ್ಲೇ, ಲೋಹಕ್ಕೆ ಅಂಟಿದಂತೆ ಕೂರಿಸಿ. ಅದರ ಮೈಮೇಲಿನ ರೆಕ್ಕೆಗಳು ಇರುವುದೇ ಬಿಸಿ ಬಿಡಲು. ಸೀಟಿನ ಕೆಳಗೆ ಬಚ್ಚಿಟ್ಟರೆ ಮುಂದಿನ ಬೇಸಿಗೆಗೆ ಅದೂ ಹೋಗುತ್ತದೆ.

ಎತ್ತರದ ಹ್ಯಾಂಡಲ್, ನಿಂತಲ್ಲೇ ಸೋರಿಕೆ

ಹ್ಯಾಂಡಲ್ ಎತ್ತರಿಸಿದಾಗ ಸ್ವಿಚ್ಚುಗಳ ವೈರು ಸಾಲುವುದಿಲ್ಲ. ಹೆಡ್‌ಲೈಟ್ ಡೂಮಿನ ಒಳಗೆ ಕತ್ತರಿಸಿ, ತಾಮ್ರದ ಎಳೆಗಳನ್ನು ಬೆರಳಿನಿಂದ ಹೆಣೆದು, ಇನ್ಸುಲೇಷನ್ ಟೇಪ್ ಸುತ್ತಿದ ಜಾಯಿಂಟುಗಳು ಅಲ್ಲಿ ಸಾಲುಸಾಲಾಗಿ ಸಿಗುತ್ತವೆ. ಹೆಡ್‌ಲೈಟಿನ ಬಿಸಿಗೆ ಟೇಪಿನ ಅಂಟು ಕರಗಿ ಜಾರುತ್ತದೆ, ತಾಮ್ರ ಹಸಿರುಗಟ್ಟುತ್ತದೆ. ಪರೀಕ್ಷೆ ಸರಳ: ಎಂಜಿನ್ ಓಡುತ್ತಿರುವಾಗ ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ನಿಧಾನವಾಗಿ ತಿರುಗಿಸಿ. ಯಾವುದಾದರೂ ಒಂದು ಕೋನದಲ್ಲಿ ದೀಪ ಮಿಣುಕಿದರೆ, ಎಂಜಿನ್ ಮಿಸ್ ಹೊಡೆದರೆ, ದೋಷ ಆ ಕುತ್ತಿಗೆಯಲ್ಲೇ ಇದೆ. ಅಂಥ ಜಾಯಿಂಟುಗಳನ್ನು ಸೋಲ್ಡರ್ ಮಾಡಿ, ಬಿಸಿಗೆ ಕುಗ್ಗುವ ಸ್ಲೀವ್ ಹಾಕಿ, ಒಂದೇ ಜಾಗದಲ್ಲಿ ಗುಂಪಾಗದಂತೆ ಹಿಂದೆ ಮುಂದೆ ಸರಿಸಿ ಮಾಡಬೇಕು. ತಿರುಗುವಾಗ ಮಡಿಕೆ ಬೀಳುವ ಜಾಗದಲ್ಲಿ ಯಾವ ಜಾಯಿಂಟೂ ಇರಕೂಡದು.

ನಿಂತಲ್ಲೇ ಸೋರಿಕೆ ತಿಳಿಯಲು ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಅದಕ್ಕೂ ಕಂಬಕ್ಕೂ ನಡುವೆ ಮೀಟರನ್ನು ಮೊದಲು 10 ಆಂಪಿಯರ್, ಆಮೇಲೆ ಮಿಲಿ ಆಂಪಿಯರ್ ಮಟ್ಟಕ್ಕೆ ಇಟ್ಟು ನೋಡಬೇಕು. ಈ ಹೊತ್ತಿನಲ್ಲಿ ಕೀ ಹಾಕುವುದಾಗಲಿ ಸೆಲ್ಫ್ ಒತ್ತುವುದಾಗಲಿ ಕೂಡದು, ಮೀಟರಿನ ಫ್ಯೂಸ್ ಹೋಗುತ್ತದೆ. ಒಂದೆರಡು ಮಿಲಿ ಆಂಪಿಯರ್ ಇದ್ದರೆ ಚಿಂತೆಯಿಲ್ಲ. ಆದರೆ ಬ್ಯಾಟರಿಗೆ ನೇರವಾಗಿ ಜೋಡಿಸಿದ ಮೊಬೈಲ್ ಚಾರ್ಜರ್ ಮೊಬೈಲ್ ಇಲ್ಲದಾಗಲೂ 20 ಮಿಲಿ ಆಂಪಿಯರ್ ಎಳೆಯುತ್ತಿದ್ದರೆ, ದಿನಕ್ಕೆ ಸುಮಾರು ಅರ್ಧ ಆಂಪಿಯರ್ ಅವರ್ ಹೋಗುತ್ತದೆ. ಹತ್ತು ದಿನ ನಿಲ್ಲಿಸಿದರೆ 9 ಆಂಪಿಯರ್ ಅವರ್ ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಬರಿದು. ಭಾನುವಾರಕ್ಕೊಮ್ಮೆ ಹೊರತೆಗೆಯುವ ಬೈಕುಗಳ ರೋಗ ಬಹುಪಾಲು ಇದೇ. ಚಾರ್ಜರನ್ನು ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ವೈರಿಗೆ ಬದಲಿಸಿದರೆ ಮುಗಿಯಿತು.

ಹೊರೆಯ ಲೆಕ್ಕ

ಎಲ್ಲ ಜಾಯಿಂಟು, ಎಲ್ಲ ಅರ್ಥ್ ಸರಿಪಡಿಸಿದ ಮೇಲೂ ಊರೊಳಗಿನ ಓಡಾಟದಲ್ಲಿ ಬ್ಯಾಟರಿ ಇಳಿಯುತ್ತಿದ್ದರೆ ಹೊರೆಯೇ ಹೆಚ್ಚಾಗಿದೆ ಎಂದು ತಿಳಿಯಬೇಕು. 55 ವ್ಯಾಟ್‌ನ ಹ್ಯಾಲೊಜನ್ ಹೆಡ್‌ಲೈಟ್ 12 ವೋಲ್ಟ್‌ನಲ್ಲಿ ನಾಲ್ಕೂವರೆ ಆಂಪಿಯರಿಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ. 35 ವ್ಯಾಟ್‌ನ ಎರಡು ಫಾಗ್ ಲ್ಯಾಂಪ್ ಅದರ ಮೇಲೆ ಇನ್ನೂ ಆರು ಆಂಪಿಯರಿನಷ್ಟು ಸೇರಿಸುತ್ತವೆ. ಹೆದ್ದಾರಿ 48ರಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಜನರೇಟರ್ ಇದನ್ನು ಹೇಗೋ ತೂಗಿಸಬಹುದು. ಗಾಂಧಿ ಸರ್ಕಲ್‌ನಲ್ಲಿ, ಜಯದೇವ ಸರ್ಕಲ್‌ನಲ್ಲಿ ಸ್ಲೋ ಸ್ಪೀಡಿನಲ್ಲಿ ನಿಂತಾಗ ಕೊರತೆಯನ್ನೆಲ್ಲ ಬ್ಯಾಟರಿಯೇ ತುಂಬಬೇಕು. 10 ವ್ಯಾಟ್‌ನ ಎರಡು ಎಲ್‌ಇಡಿ ಹಾಕಿದರೆ ಎರಡು ಆಂಪಿಯರಿಗಿಂತ ಕಡಿಮೆಯಲ್ಲಿ ಕೆಲಸ ಆಗುತ್ತದೆ. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಹೆಡ್‌ಲೈಟ್ ತಾನಾಗಿಯೇ ಹೊತ್ತಿರುವ ನಿಯಮ ಬಂದಿತು. ಅದಕ್ಕಿಂತ ಹಳೆಯ ಕ್ರೂಸರ್‌ಗಳಲ್ಲಿ ಸ್ವಿಚ್ ಇದೆ, ಹಗಲಿನಲ್ಲಿ ಬ್ಯಾಟರಿ ತುಂಬಿಕೊಳ್ಳಲು ಅದೊಂದು ಅನುಕೂಲ. ಹೆಚ್ಚುವರಿ ದೀಪ ಯಾವುದೇ ಇರಲಿ, ಬ್ಯಾಟರಿಯಿಂದ 10 ಆಂಪಿಯರ್ ಫ್ಯೂಸ್ ಮೂಲಕ ರಿಲೇಗೆ, ರಿಲೇಯಿಂದ ದೀಪಕ್ಕೆ ಹೋಗಬೇಕು; ಹ್ಯಾಂಡಲ್ ಸ್ವಿಚ್ ರಿಲೇಯನ್ನು ಮಾತ್ರ ಎಳೆಯಬೇಕು. ಮೂಲ ಹೆಡ್‌ಲೈಟ್ ವೈರಿಗೆ ಕೊಂಡಿ ಹಾಕಿದ ಫಾಗ್ ಲ್ಯಾಂಪ್ ಆ ಸ್ವಿಚ್ಚನ್ನೂ ಕಪ್ಲರನ್ನೂ ಸುಡುತ್ತದೆ.

ನೋಂದಣಿಯಾಗಿ ಹದಿನೈದು ವರ್ಷ ತುಂಬಿದ ಕೆಎ 16, ಕೆಎ 17 ಬೈಕುಗಳನ್ನು ಆರ್‌ಸಿ ನವೀಕರಣಕ್ಕೆ ತೋರಿಸಬೇಕಾಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದು. ಆದ್ದರಿಂದ ವೈರಿಂಗ್ ಮುಟ್ಟುವಾಗ ಮೂಲ ಕಪ್ಲರ್‌ಗಳನ್ನು ಕತ್ತರಿಸದೆ, ಬೇಕೆಂದಾಗ ಬಿಚ್ಚಿ ಹಿಂದಿನಂತೆ ಜೋಡಿಸಬಹುದಾದ ರೀತಿಯಲ್ಲಿ ಹೆಚ್ಚುವರಿ ಭಾಗಗಳ ಕಿಟ್ಟನ್ನು ಬೇರೆಯಾಗಿಯೇ ಎಳೆಯುವುದು ಒಳ್ಳೆಯದು. ಮುಂದೆ ದೋಷ ಬಂದಾಗಲೂ ಆ ಒಂದು ಕಪ್ಲರ್ ತೆಗೆದರೆ ಬೈಕು ಮೂಲ ಸ್ಥಿತಿಗೆ ಬರುತ್ತದೆ, ತಪ್ಪು ಯಾವ ಕಡೆಯದು ಎಂಬುದು ಒಂದೇ ನಿಮಿಷದಲ್ಲಿ ತಿಳಿಯುತ್ತದೆ.

ರಿಪೇರಿ ಮುಗಿದ ದಿನ ನಾಲ್ಕು ಅಂಕಿಗಳನ್ನು ಬರೆದಿಡಿ: ಬೆಳಗಿನ ಬ್ಯಾಟರಿ ವೋಲ್ಟೇಜ್, ಸೆಲ್ಫ್ ಒತ್ತಿದಾಗಿನದು, ದೀಪವಿಲ್ಲದೆ ಚಾರ್ಜಿಂಗ್, ಎಲ್ಲ ದೀಪ ಹಾಕಿ ಚಾರ್ಜಿಂಗ್. ಒಂದು ವಾರ ಓಡಿಸಿ ಅದೇ ಕ್ರಮದಲ್ಲಿ ಮತ್ತೆ ಅಳೆಯಿರಿ. ಕೊನೆಯ ಎರಡು ಅಂಕಿಗಳು ಹಾಗೇ ಇದ್ದು ಮೊದಲನೆಯದು ಮಾತ್ರ ಇಳಿದಿದ್ದರೆ ಸೋರಿಕೆಯ ಪರೀಕ್ಷೆಗೆ ಮರಳಬೇಕು. ಚಾರ್ಜಿಂಗ್ ಅಂಕಿಯೇ ಇಳಿದಿದ್ದರೆ ಉಜ್ಜಿ ಬಿಗಿದ ಅರ್ಥ್ ಬೋಲ್ಟನ್ನು ಇನ್ನೊಮ್ಮೆ ಬಿಚ್ಚಿ ನೋಡಬೇಕು.